ಇಬ್ಬರೇ ಹೊರಡುವ ಮೊದಲ ಹಡಗು ಪ್ರವಾಸಕ್ಕೆ ಕ್ಯಾಬಿನ್ ಆರಿಸುವ ಬಗೆ

ಕೊಡಗಿನ ಮನೆಗಳಲ್ಲಿ ಗಂಡ ಹೆಂಡತಿ ಇಬ್ಬರೇ ಪ್ರವಾಸ ಹೋಗುವ ಸಂದರ್ಭ ಬರುವುದು ತಡವಾಗಿ. ಮಕ್ಕಳು ಚಿಕ್ಕವರಿರುವಾಗ ಅವರ ರಜೆ, ಹಿರಿಯರು ಜೊತೆಗಿರುವಾಗ ಅವರ ಆರೋಗ್ಯ, ತೋಟದ ಕೆಲಸ ಇವೆಲ್ಲವನ್ನೂ ನೋಡಿಕೊಂಡು ಹೊರಟ ಪ್ರವಾಸಗಳಲ್ಲಿ ಕೋಣೆ ಯಾವುದೆಂಬುದನ್ನು ಬೇರೆ ಯಾರೋ ತೀರ್ಮಾನಿಸಿರುತ್ತಾರೆ. ಮಕ್ಕಳು ಕಾಲೇಜು ಸೇರಿ ಮನೆ ಖಾಲಿಯಾದ ಮೇಲೆ ಮೊದಲ ಬಾರಿಗೆ ಕ್ರೂಸ್ ಬುಕ್ ಮಾಡಲು ಕುಳಿತ ದಂಪತಿಗೆ ಎದುರಾಗುವ ಪ್ರಶ್ನೆ, ನಾಲ್ಕು ರಾತ್ರಿ ಮಲಗಲಿರುವ ಆ ಪುಟ್ಟ ಕೋಣೆಯನ್ನು ಹೇಗೆ ಆರಿಸಬೇಕು ಎಂಬುದು. ಪರಿಚಯದವರು ಕೇಳುವಾಗಲೆಲ್ಲ ಮೊದಲು ಬರುವ ಮಾತು, 'ಕಿಟಕಿ ಇರುವುದು ಸಾಕೋ, ಬಾಲ್ಕನಿಯೇ ಬೇಕೋ?' ನನ್ನ ಅನುಭವದಲ್ಲಿ ಅದು ಎರಡನೆಯ ಪ್ರಶ್ನೆ. ಆ ಕೋಣೆ ಹಡಗಿನ ಯಾವ ಭಾಗದಲ್ಲಿದೆ ಎಂಬುದನ್ನು ಮೊದಲು ಕೇಳಬೇಕು.

ಸಂಪಾಜೆ ಘಾಟಿಯಲ್ಲೋ ಮಾಕುಟ್ಟದ ಇಳಿಜಾರಿನಲ್ಲೋ ಬಸ್ಸಿನಲ್ಲಿ ಪ್ರಯಾಣ ಮಾಡಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಹಿಂದಿನ ಚಕ್ರದ ಮೇಲೆ ಅಥವಾ ಕೊನೆಯ ಸಾಲಿನಲ್ಲಿ ಕುಳಿತವರ ಹೊಟ್ಟೆ ತೊಳಸುವಷ್ಟು, ಎರಡೂ ಚಕ್ರಗಳ ನಡುವಿನ ಸೀಟಿನಲ್ಲಿ ಕುಳಿತವರಿಗೆ ತೊಳಸುವುದಿಲ್ಲ. ಹಡಗಿನಲ್ಲಿಯೂ ಲೆಕ್ಕ ಅದೇ. ಅಲೆಗಳ ಮೇಲೆ ಸಾಗುವ ಹಡಗು ತಕ್ಕಡಿಯ ದಂಡದಂತೆ ಮುಂದೆ ಹಿಂದೆ ಏರಿಳಿಯುತ್ತದೆ; ದಂಡದ ತುದಿಗಳು ಹೆಚ್ಚು ಚಲಿಸುತ್ತವೆ, ನಡುಬಿಂದು ಬಹುಮಟ್ಟಿಗೆ ಇದ್ದಲ್ಲೇ ಇರುತ್ತದೆ. ಅದೇ ಹಡಗು ಎಡಕ್ಕೂ ಬಲಕ್ಕೂ ವಾಲುವುದೂ ಉಂಟು, ಆ ವಾಲುವಿಕೆ ಮೇಲಿನ ಡೆಕ್‌ಗಳಲ್ಲಿ, ಅಂದರೆ ಮೇಲಿನ ಅಂತಸ್ತುಗಳಲ್ಲಿ ಹೆಚ್ಚು, ಕೆಳಗೆ ಹೋದಂತೆ ಕಡಿಮೆ. ಇಂದಿನ ದೊಡ್ಡ ಹಡಗುಗಳ ಎರಡೂ ಪಕ್ಕಗಳಲ್ಲಿ ನೀರಿನೊಳಗೆ ಮೀನಿನ ರೆಕ್ಕೆಗಳಂತಹ ಸ್ಟೆಬಿಲೈಸರ್‌ಗಳು ಇರುತ್ತವೆ. ಅವು ಪಕ್ಕಕ್ಕೆ ವಾಲುವುದನ್ನು ಚೆನ್ನಾಗಿ ತಗ್ಗಿಸುತ್ತವಾದರೂ ಮುಂದೆ ಹಿಂದೆ ಏಳುಬೀಳುವುದನ್ನು ಅಷ್ಟಾಗಿ ತಡೆಯಲಾರವು. ಆದ್ದರಿಂದ ಇಬ್ಬರಲ್ಲಿ ಯಾರೊಬ್ಬರಿಗಾದರೂ ಘಾಟಿಯ ತಿರುವುಗಳಲ್ಲಿ ತಲೆ ಸುತ್ತುವ ಸ್ವಭಾವವಿದ್ದರೆ, ಹಡಗಿನ ಉದ್ದದ ನಡುಭಾಗದಲ್ಲಿ, ಕ್ಯಾಬಿನ್‌ಗಳಿರುವ ಡೆಕ್‌ಗಳಲ್ಲಿ ಆದಷ್ಟು ಕೆಳಗಿನದರಲ್ಲಿ ಕೋಣೆ ಹಿಡಿಯಿರಿ. ಕೆಳಗಿನ ಡೆಕ್ ಎಂದರೆ ಅಗ್ಗದ್ದು, ಕೀಳು ದರ್ಜೆಯದು ಎಂಬ ಭಾವನೆ ನಮ್ಮಲ್ಲಿದೆ. ನಿದ್ದೆಯ ದೃಷ್ಟಿಯಿಂದ ನೋಡಿದರೆ ಅದು ಎಷ್ಟೋ ಸಲ ಹಡಗಿನ ಅತ್ಯುತ್ತಮ ಜಾಗ.

ಇದನ್ನು ನಾನು ಕಲಿತದ್ದು ನಮ್ಮ ಮೊದಲ ಪ್ರಯಾಣದಲ್ಲಿ. ಸಿಂಗಾಪುರದಿಂದ ಹೊರಟ ಆ ಹಡಗಿನಲ್ಲಿ ದರ ಕಡಿಮೆ ಎಂಬ ಒಂದೇ ಕಾರಣಕ್ಕೆ ಏಜೆಂಟ್ ಹೇಳಿದ ಕೋಣೆಯನ್ನು ಒಪ್ಪಿಕೊಂಡಿದ್ದೆವು. ಅದು ಮುಂತುದಿಗೆ ಹತ್ತಿರವಾದ, ಕಿಟಕಿಯಿಲ್ಲದ ಕೋಣೆ. ಎರಡನೆಯ ರಾತ್ರಿ ಗಾಳಿ ಎದ್ದಾಗ ಹಾಸಿಗೆ ಒಮ್ಮೆ ನನ್ನನ್ನು ಮೇಲಕ್ಕೆತ್ತಿ, ಮರುಕ್ಷಣ ಕೆಳಗೆ ಬಿಟ್ಟಂತಾಗುತ್ತಿತ್ತು. ದೀಪ ಹಾಕಿದರೆ ನನಗೆ ಇನ್ನಷ್ಟು ಕಷ್ಟವಾಗುತ್ತದೆಂದು ನನ್ನವರು ಕತ್ತಲೆಯಲ್ಲೇ ಹಾಸಿಗೆಯ ಅಂಚಿನಲ್ಲಿ ಕುಳಿತು, ಒದ್ದೆ ಟವೆಲನ್ನು ನನ್ನ ಹಣೆಯ ಮೇಲೆ ಇಡುತ್ತಾ ಬೆಳಗು ಮಾಡಿದರು. ಕಣ್ಣು ಮುಚ್ಚಿತೆನ್ನುವಷ್ಟರಲ್ಲಿ ಫುಕೆಟ್ ಬಂದು, ಲಂಗರು ಇಳಿಸುವ ಸರಪಳಿಯ ಸದ್ದು ಗೋಡೆಯ ಆಚೆಯೇ ಕಬ್ಬಿಣದ ಗಾಡಿ ಉರುಳಿದಂತೆ ಕೇಳಿಸಿತು. ಪಾಟೊಂಗ್ ತೀರದಲ್ಲಿ ಹಡಗುಗಳು ಕಡಲಲ್ಲೇ ಲಂಗರು ಹಾಕಿ ಸಣ್ಣ ದೋಣಿಗಳಲ್ಲಿ ಜನರನ್ನು ದಡಕ್ಕೆ ಕಳಿಸುತ್ತವೆ ಎಂಬುದು ನಮಗೆ ಆವರೆಗೆ ತಿಳಿದಿರಲಿಲ್ಲ. ಅದೇ ಹಡಗಿನ ನಡುಭಾಗದಲ್ಲಿದ್ದ ಇನ್ನೊಂದು ಜೋಡಿ ಆ ರಾತ್ರಿ ಗಾಳಿ ಎದ್ದದ್ದನ್ನೇ ಅರಿಯದೆ ಮಲಗಿತ್ತು.

ಆದ್ದರಿಂದ ಹಣ ಕಟ್ಟುವ ಮೊದಲು ಆ ಹಡಗಿನ ಡೆಕ್ ಪ್ಲಾನ್, ಅಂದರೆ ಪ್ರತಿ ಅಂತಸ್ತಿನ ನಕ್ಷೆ ತರಿಸಿಕೊಳ್ಳಿ. ಕಂಪನಿಗಳ ಜಾಲತಾಣದಲ್ಲಿ ಅದು ಸಿಗುತ್ತದೆ; ಏಜೆಂಟರ ಮೂಲಕ ಬುಕ್ ಮಾಡುವವರು ಕೇಳಿ ಪಡೆಯಬೇಕು. ಮೊಬೈಲ್ ಪರದೆಯಲ್ಲಿ ನೋಡುವುದಕ್ಕಿಂತ ಕಾಗದದ ಮೇಲೆ ಅಚ್ಚು ಹಾಕಿಸಿ ಮೇಜಿನ ಮೇಲೆ ಹರಡಿಕೊಂಡರೆ ಇಬ್ಬರೂ ಕೂಡಿ ನೋಡಬಹುದು. ನಿಮಗೆ ತೋರಿಸಿದ ಕ್ಯಾಬಿನ್ ಸಂಖ್ಯೆಯ ಮೇಲೆ ಬೆರಳಿಡಿ. ಬಳಿಕ ಅದರ ಮೇಲಿನ ಡೆಕ್‌ನಲ್ಲಿ ಅದೇ ಜಾಗದಲ್ಲಿ ಏನಿದೆ, ಕೆಳಗಿನ ಡೆಕ್‌ನಲ್ಲಿ ಏನಿದೆ ಎಂದು ನೋಡಿ. ಮೇಲೂ ಕೆಳಗೂ ಕ್ಯಾಬಿನ್‌ಗಳೇ ಇದ್ದರೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಮೇಲೆ ಈಜುಕೊಳವಿದ್ದರೆ ಬೆಳಗಿನ ಜಾವ ಕುರ್ಚಿಗಳನ್ನು ಎಳೆದು ಜೋಡಿಸುವ ಸದ್ದು ತಲೆಯ ಮೇಲೆಯೇ ಕೇಳುತ್ತದೆ. ಕೆಳಗೆ ನಾಟ್ಯಶಾಲೆಯೋ ಡಿಸ್ಕೊ ಇರುವ ಬಾರೋ ಇದ್ದರೆ ನಡುರಾತ್ರಿಯವರೆಗೂ ಡ್ರಮ್ಮಿನ ಬಡಿತ ನೆಲದ ಮೂಲಕ ಹಾಸಿಗೆಗೆ ಬರುತ್ತದೆ. ನಕ್ಷೆಯಲ್ಲಿ ಏನೂ ಬರೆಯದೆ ಖಾಲಿ ಬಿಟ್ಟ ಜಾಗಗಳನ್ನು ಮರೆಯಬೇಡಿ. ಅವು ನಿಜವಾಗಿ ಖಾಲಿಯಲ್ಲ, ಸಿಬ್ಬಂದಿಯ ಉಗ್ರಾಣ, ಪಾತ್ರೆಗಾಡಿಗಳ ಓಡಾಟ, ಯಂತ್ರಗಳು ಇರುವ ಜಾಗ. ಲಿಫ್ಟ್‌ಗೆ ಅಂಟಿಕೊಂಡ ಕೋಣೆ ಬೇಡ, ಆದರೆ ತೀರಾ ದೂರದ್ದೂ ಬೇಡ. ಇನ್ನೂರು ಮುನ್ನೂರು ಮೀಟರ್ ಉದ್ದದ ಹಡಗಿನಲ್ಲಿ ಊಟಕ್ಕೊಮ್ಮೆ, ಸ್ವೆಟರ್ ತರಲೊಮ್ಮೆ ನಡೆಯುವ ದೂರ ಮಂಡಿನೋವಿರುವವರಿಗೆ ಸಣ್ಣದಲ್ಲ. ನಾಲ್ಕೈದು ಬಾಗಿಲು ಆಚೆಗೆ ಇದ್ದರೆ ಸರಿ.

ನಕ್ಷೆಯಲ್ಲಿ ಎರಡು ಕ್ಯಾಬಿನ್‌ಗಳ ನಡುವಿನ ಗೋಡೆಯ ಮೇಲೆ ಸಣ್ಣ ಬಾಣದ ಗುರುತಿದ್ದರೆ ಅವುಗಳ ನಡುವೆ ಒಳಬಾಗಿಲು ಇದೆ ಎಂದರ್ಥ. ದೊಡ್ಡ ಕುಟುಂಬಗಳಿಗೆ ಅದು ಅನುಕೂಲ. ಇಬ್ಬರೇ ಹೋಗುವವರಿಗೆ ಅದರಿಂದ ಸಿಗುವುದು ಪಕ್ಕದ ಕೋಣೆಯವರ ಮಾತು, ಕೆಮ್ಮು ಮತ್ತು ಟಿವಿಯ ಸದ್ದು ಮಾತ್ರ. ಹಿಂತುದಿಯ ಕೋಣೆಗಳ ಬಗ್ಗೆಯೂ ಎಚ್ಚರ ಬೇಕು: ಹಿಂದೆ ಹರಡಿಕೊಂಡು ಸಾಗುವ ನೊರೆಯ ದಾರಿಯ ನೋಟ ಅಲ್ಲಿ ಸೊಗಸಾಗಿರುತ್ತದೆ, ಆದರೆ ಪ್ರೊಪೆಲ್ಲರ್‌ನ ಕಂಪನ ಕೆಳಗಿನ ಡೆಕ್‌ಗಳಲ್ಲಿ ಗಾಜಿನ ಲೋಟವನ್ನು ನಡುಗಿಸುವಷ್ಟು ಇರಬಹುದು.

ಜಾಗ ತೀರ್ಮಾನವಾದ ಮೇಲೆ ದರ್ಜೆಯ ಮಾತು. ಸಾಮಾನ್ಯವಾಗಿ ನಾಲ್ಕು ಬಗೆ: ಕಿಟಕಿಯೇ ಇಲ್ಲದ ಒಳ ಕ್ಯಾಬಿನ್, ಕಡಲು ಕಾಣುವ ಕಿಟಕಿಯದು, ಬಾಲ್ಕನಿಯದು ಮತ್ತು ಸೂಟ್. ಸೂಟ್ ಬಗ್ಗೆ ಹೆಚ್ಚು ಹೇಳುವುದಿಲ್ಲ, ಮೊದಲ ಸಲಕ್ಕೆ ಅದರ ಅಗತ್ಯವಿಲ್ಲ. ಒಳ ಕ್ಯಾಬಿನ್ ಅಗ್ಗ, ನಿಶ್ಶಬ್ದ, ಹಗಲಲ್ಲೂ ಕಗ್ಗತ್ತಲೆ. ಬೆಳಗಿನ ಐದೂವರೆಗೆ ಎದ್ದು ತೋಟದ ಕಡೆ ನಡೆಯುವ ಅಭ್ಯಾಸದವರಿಗೆ ಅಲ್ಲಿ ಹೊತ್ತಿನ ಅರಿವೇ ತಪ್ಪಿಹೋಗುತ್ತದೆ. ಅನೇಕ ಹಡಗುಗಳಲ್ಲಿ ಮುಂದಿನ ಕಡಲನ್ನು ತೋರಿಸುವ ಟಿವಿ ಚಾನೆಲ್ ಇರುತ್ತದೆ. ಸದ್ದು ಆರಿಸಿ ಅದನ್ನು ಹಾಗೆಯೇ ಬಿಟ್ಟರೆ ಬೆಳಗಾದದ್ದು ತಿಳಿಯುತ್ತದೆ. ಹಗಲೆಲ್ಲ ಡೆಕ್ ಮೇಲೆ ಕಳೆದು ಮಲಗಲು ಮಾತ್ರ ಕೋಣೆಗೆ ಬರುವ ಜೋಡಿಗೆ ನಡುಭಾಗದ ಒಳ ಕ್ಯಾಬಿನ್ ಧಾರಾಳವಾಗಿ ಸಾಕು. ಕಡಲು ಕಾಣುವ ಕ್ಯಾಬಿನ್ ಆರಿಸುವಾಗ ಎರಡು ಸಂಗತಿಗಳನ್ನು ಕೇಳಿ ತಿಳಿಯಿರಿ. ಕಿಟಕಿಯ ಮುಂದೆ ಲೈಫ್‌ಬೋಟ್ ತೂಗುತ್ತಿದೆಯೇ ಎಂಬುದು ಒಂದು, ಕಿಟಕಿಯಾಚೆ ಪ್ರಯಾಣಿಕರು ಓಡಾಡುವ ದಾರಿ ಇದೆಯೇ ಎಂಬುದು ಇನ್ನೊಂದು. ಕಿಟಕಿ ಎಂದರೆ ತೆರೆಯಬಹುದು ಎಂದು ಭಾವಿಸಬೇಡಿ, ಅದು ಭದ್ರವಾಗಿ ಮುಚ್ಚಿದ ದಪ್ಪ ಗಾಜು.

ಬಾಲ್ಕನಿಯ ವಿಷಯದಲ್ಲಿ ಮಾತ್ರ ನಮ್ಮ ಊರಿನವರಿಗೆ ನಾನು ಬೇರೆಯಾಗಿಯೇ ಹೇಳುತ್ತೇನೆ. ಕುಲದ ಹಿರಿಮನೆಯಾದ ಐನ್‌ಮನೆಯ ಕೈಯಾಲೆಯಲ್ಲಿ (ಜಗಲಿಯಲ್ಲಿ), ಕಂಬಗಳ ನಡುವಿನ ಐಮರದ ಹಲಗೆಯ ಮೇಲೆ ಕುಳಿತು ಮಳೆ ನೋಡುತ್ತಾ ಬೆಳೆದವರು ನಾವು. ಹೊಸ ಮನೆ ಕಟ್ಟಿದವರೂ ಸಿಟ್‌ಔಟ್ ಇಲ್ಲದೆ ಕಟ್ಟುವುದಿಲ್ಲ. ಅಂಥವರಿಗೆ ಬೆಳಗಿನ ಕಾಫಿಯನ್ನು ಹೊರಗಿನ ಗಾಳಿಯಲ್ಲಿ, ಯಾರ ಕಣ್ಣಿಗೂ ಬೀಳದೆ, ರಾತ್ರಿಯ ಬಟ್ಟೆಯಲ್ಲೇ ಕುಳಿತು ಕುಡಿಯುವುದು ಐಷಾರಾಮವಲ್ಲ, ದಿನಚರಿ. ನಮ್ಮ ಎರಡನೆಯ ಪ್ರಯಾಣದಲ್ಲಿ ನಡುಭಾಗದ ಬಾಲ್ಕನಿ ಸಿಕ್ಕಿತ್ತು. ಎರಡು ಕುರ್ಚಿ, ಒಂದು ಪುಟ್ಟ ಮೇಜು, ಕಾಲು ಚಾಚಿದರೆ ಕಂಬಿಗೆ ತಾಗುವಷ್ಟೇ ಜಾಗ. ಮುಂಜಾನೆ ಕಂಬಿಯ ಮೇಲೆ ಕೈಯಿಟ್ಟರೆ ಉಪ್ಪಿನ ಅಂಟು ಬೆರಳಿಗೆ ಹತ್ತುತ್ತಿತ್ತು. ಕೆಳಗೆ ಹಡಗು ನೀರನ್ನು ಸೀಳುವ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಮಕ್ಕಳ ಫೀಸು, ಕಾಳುಮೆಣಸಿನ ದರ ಬಿಟ್ಟು ನಾವಿಬ್ಬರೂ ಬೇರೆ ಮಾತನಾಡಿದ್ದು ಬಹಳ ವರ್ಷಗಳ ಬಳಿಕ ಅಲ್ಲಿಯೇ. ಹಾಗಾಗಿ ಹಣ ಹೊಂದುವುದಾದರೆ ಬಾಲ್ಕನಿಗೆ ಖರ್ಚು ಮಾಡಿ ಎಂದೇ ನನ್ನ ಸಲಹೆ. ಆದರೆ ತುದಿಯ ಬಾಲ್ಕನಿ ಮತ್ತು ನಡುಭಾಗದ ಕಿಟಕಿ ಇವೆರಡರಲ್ಲಿ ಒಂದನ್ನು ಆರಿಸಬೇಕಾಗಿ ಬಂದರೆ, ತಲೆಸುತ್ತು ಇರುವವರು ಎರಡನೆಯದನ್ನೇ ಹಿಡಿಯಬೇಕು. ಬಾಲ್ಕನಿಯ ಬಾಗಿಲನ್ನು ತೆರೆದಿಟ್ಟು ಮಲಗಲು ಆಗುವುದಿಲ್ಲ ಎಂಬುದೂ ತಿಳಿದಿರಲಿ. ಏಸಿ ನಿಲ್ಲುತ್ತದೆ, ಕಡಲ ಸೆಕೆ ಒಳಗೆ ತುಂಬಿಕೊಳ್ಳುತ್ತದೆ.

ಎಲ್ಲ ಹಡಗುಗಳಲ್ಲೂ ಈ ಆಯ್ಕೆ ಇರುವುದಿಲ್ಲ. 2021ರ ಸೆಪ್ಟೆಂಬರಿನಲ್ಲಿ ಮುಂಬೈಯಿಂದ ಸಂಚಾರ ಆರಂಭಿಸಿದ ಕಾರ್ಡೀಲಿಯಾ ಸಂಸ್ಥೆಯ ಎಂಪ್ರೆಸ್ 1990ರಲ್ಲಿ ನಿರ್ಮಾಣವಾದ ಹಡಗು. ಆ ಕಾಲದ ಹಡಗುಗಳಲ್ಲಿ ಬಾಲ್ಕನಿಗಳು ಕಡಿಮೆ, ಕೋಣೆಗಳೂ ಚಿಕ್ಕವು. ಹೊಸ ಹಡಗುಗಳಲ್ಲಿ ಬಾಲ್ಕನಿಯ ಕೋಣೆಗಳೇ ಹೆಚ್ಚು. ಆದ್ದರಿಂದ ಹಳೆಯ ಹಡಗಿನಲ್ಲಿ ಬಾಲ್ಕನಿ ಬೇಕೆಂದರೆ ತಿಂಗಳುಗಳ ಮೊದಲೇ ಕಾಯ್ದಿರಿಸಬೇಕು.

ಹಡಗಿನ ಯಾವ ಬದಿ ಎಂಬುದೂ ಕೆಲವರಿಗೆ ಮುಖ್ಯ. ಮುಂಬೈಯಿಂದ ಗೋವೆಯತ್ತ ದಕ್ಷಿಣಕ್ಕೆ ಸಾಗುವಾಗ ಹಡಗಿನ ಮೂತಿಯ ಕಡೆ ಮುಖಮಾಡಿ ನಿಂತವರಿಗೆ ಎಡಗಡೆ ಕರಾವಳಿ, ಬಲಗಡೆ ತೆರೆದ ಕಡಲು ಮತ್ತು ಸೂರ್ಯಾಸ್ತ. ಮರಳುವಾಗ ಅದು ತಿರುವುಮುರುವಾಗುತ್ತದೆ. ಹೋಗಿಬರುವ ಪ್ರಯಾಣವಾದರೆ ಬದಿಗಾಗಿ ಹೆಚ್ಚು ತಲೆಕೆಡಿಸಿಕೊಳ್ಳಬೇಕಿಲ್ಲ. ಒಂದೇ ದಿಕ್ಕಿನ ಪ್ರಯಾಣವಾದರೆ ಕೇಳಿಕೊಳ್ಳಿ.

ಹಾಸಿಗೆಯ ವಿಚಾರ ಸಂಕೋಚದಿಂದ ಯಾರೂ ಕೇಳುವುದಿಲ್ಲ, ಆದರೆ ಕೇಳಲೇಬೇಕು. ಹೆಚ್ಚಿನ ಕ್ಯಾಬಿನ್‌ಗಳಲ್ಲಿ ಎರಡು ಬಿಡಿ ಮಂಚಗಳಿದ್ದು ಅವನ್ನು ಕೂಡಿಸಿ ಒಂದು ಮಾಡಬಹುದು, ಕೆಲವು ಚಿಕ್ಕ ಕೋಣೆಗಳಲ್ಲಿ ಕೂಡಿಸಲು ಬರುವುದಿಲ್ಲ. ಕೂಡಿಸಿದಾಗ ಮಂಚ ಒಂದು ಬದಿಯಲ್ಲಿ ಗೋಡೆಗೆ ತಾಗುತ್ತದೆಯೇ ಎಂದೂ ವಿಚಾರಿಸಿ. ತಾಗಿದರೆ ರಾತ್ರಿ ಏಳುವ ಒಬ್ಬರು ಪ್ರತಿ ಸಲ ಇನ್ನೊಬ್ಬರನ್ನು ದಾಟಿ ಬರಬೇಕಾಗುತ್ತದೆ. ಇಬ್ಬರಲ್ಲಿ ಯಾರ ನಿದ್ದೆ ತೆಳು, ಯಾರಿಗೆ ಗೊರಕೆ, ಯಾರು ಬೇಗ ಏಳುವವರು, ಯಾರಿಗೆ ಮುಚ್ಚಿದ ಕೋಣೆಯಲ್ಲಿ ಉಸಿರುಗಟ್ಟಿದಂತಾಗುತ್ತದೆ ಎಂಬುದನ್ನು ಬುಕ್ ಮಾಡುವ ಮೊದಲು ಬಾಯಿಬಿಟ್ಟು ಮಾತನಾಡಿಕೊಳ್ಳಿ. ಮನೆಯಲ್ಲಿ ಹಾಲ್‌ಗೆ ಹೋಗಿ ಕುಳಿತುಕೊಳ್ಳಬಹುದು. ನೂರೈವತ್ತು ಚದರ ಅಡಿಯ ಕೋಣೆಯಲ್ಲಿ ಹೋಗಲು ಬೇರೆ ಜಾಗವಿಲ್ಲ. ಹಂಡೆಯ ಬಿಸಿನೀರಿನಲ್ಲಿ ಧಾರಾಳವಾಗಿ ಮೀಯುವ ಅಭ್ಯಾಸದವರಿಗೆ ಹಡಗಿನ ಸ್ನಾನದ ಜಾಗ ಒಬ್ಬರು ನಿಂತು ತಿರುಗುವಷ್ಟೇ ಎಂಬುದನ್ನೂ ಮೊದಲೇ ಹೇಳಿಬಿಡುವುದು ಒಳಿತು.

ದರವನ್ನು ಒಬ್ಬರಿಗೆ ಇಷ್ಟು ಎಂದು, ಇಬ್ಬರು ಒಂದೇ ಕೋಣೆಯಲ್ಲಿರುವ ಲೆಕ್ಕದಲ್ಲಿ ಬರೆದಿರುತ್ತಾರೆ. ಅದನ್ನು ಇಮ್ಮಡಿ ಮಾಡಿ, ತೆರಿಗೆ, ಬಂದರು ಶುಲ್ಕ, ಸಿಬ್ಬಂದಿಯ ಟಿಪ್ಸ್ ಸೇರಿಸಿದ ಮೇಲೆಯೇ ಒಂದು ಕೋಣೆಯನ್ನು ಇನ್ನೊಂದರೊಡನೆ ಹೋಲಿಸಿ. 'ಗ್ಯಾರಂಟಿ ಕ್ಯಾಬಿನ್' ಎಂಬ ಹೆಸರಿನಲ್ಲಿ ಕಡಿಮೆ ದರಕ್ಕೆ ಸಿಗುವುದನ್ನು ಮೊದಲ ಪ್ರಯಾಣಕ್ಕೆ ದಯವಿಟ್ಟು ತೆಗೆದುಕೊಳ್ಳಬೇಡಿ. ಅಲ್ಲಿ ಖಾತರಿ ಇರುವುದು ದರ್ಜೆಗೆ ಮಾತ್ರ. ಜಾಗವನ್ನು ಕಂಪನಿಯೇ ಕೊನೆಗೆ ನಿರ್ಧರಿಸುತ್ತದೆ, ಉಳಿದವರು ಬೇಡವೆಂದು ಬಿಟ್ಟ ಕೋಣೆ ನಿಮ್ಮ ಪಾಲಿಗೆ ಬರಬಹುದು. ನೀವೇ ಸಂಖ್ಯೆ ಆರಿಸಿ ಹಣ ಕಟ್ಟಿದ ಮೇಲೆ, ನಮ್ಮನ್ನು ಕೇಳದೆ ಮೇಲಿನ ದರ್ಜೆಗೂ ಬದಲಿಸಬಾರದು ಎಂದು ಬುಕಿಂಗ್‌ನಲ್ಲಿ ಬರೆಸಿ. ಉಚಿತವಾಗಿ ಬಾಲ್ಕನಿ ಸಿಕ್ಕಿತೆಂದು ಸಂತೋಷಪಡುವಷ್ಟರಲ್ಲಿ ಅದು ಮುಂತುದಿಯಲ್ಲಿರಬಹುದು.

ತಿಂಗಳನ್ನು ಆರಿಸುವಾಗ ಕಡಲನ್ನೂ ತೋಟವನ್ನೂ ಒಟ್ಟಿಗೆ ನೋಡಬೇಕು. ಭಾಗಮಂಡಲದಲ್ಲಿ ಮಳೆ ಸುರಿಸುವ ಅದೇ ಮುಂಗಾರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅರಬ್ಬೀ ಸಮುದ್ರವನ್ನು ಕಲಕುತ್ತದೆ. ತುಲಾ ಸಂಕ್ರಮಣ ಕಳೆದು ಕಾಫಿ ಕೊಯ್ಲು ಜೋರಾಗುವ ಮುನ್ನ ಸಿಗುವ ಬಿಡುವು ನಮ್ಮವರಿಗೆ ಅನುಕೂಲವಾದರೂ, ಅಕ್ಟೋಬರ್, ನವೆಂಬರ್ ತಿಂಗಳುಗಳಲ್ಲಿ ಚಂಡಮಾರುತ ಏಳುವುದುಂಟು. ಆಗ ಹೊರಡುವವರು ಕೆಳಗಿನ ಡೆಕ್ಕಿನ ನಡುಭಾಗವನ್ನು ಬಿಟ್ಟುಕೊಡಬಾರದು. ತಲೆಸುತ್ತಿನ ಮಾತ್ರೆಯನ್ನು ವೈದ್ಯರನ್ನು ಕೇಳಿ ಮೊದಲೇ ತಂದಿಟ್ಟುಕೊಳ್ಳಿ. ಅದನ್ನು ಹೊಟ್ಟೆ ತೊಳಸತೊಡಗುವ ಮುನ್ನ ತೆಗೆದುಕೊಂಡರೆ ಮಾತ್ರ ಸರಿಯಾಗಿ ಫಲ ಕೊಡುತ್ತದೆ.

ಹಡಗು ಹತ್ತಿದೊಡನೆ ಕೋಣೆಯನ್ನು ಒಮ್ಮೆ ಪೂರ್ತಿ ನೋಡಿ. ಮಂಚ ಕೂಡಿಸಿಲ್ಲದಿದ್ದರೆ, ನಲ್ಲಿ ಸೋರುತ್ತಿದ್ದರೆ, ಏಸಿ ಸದ್ದು ಮಾಡುತ್ತಿದ್ದರೆ ಆಗಲೇ ಕ್ಯಾಬಿನ್ ಸ್ಟೀವರ್ಡ್‌ಗೆ ಹೇಳಿ. ಹಡಗು ತುಂಬಿ ಹೊರಟ ಮೇಲೆ ಬದಲಿ ಕೋಣೆ ಸಿಗುವುದು ಕಷ್ಟ. ಖಾಲಿ ಸೂಟ್‌ಕೇಸ್‌ಗಳನ್ನು ಮಂಚದ ಕೆಳಗೆ ತಳ್ಳಿದರೆ ನಡೆಯಲು ಜಾಗವಾಗುತ್ತದೆ. ಗೋಡೆಗಳು ಬಹುತೇಕ ಉಕ್ಕಿನವು, ಆದ್ದರಿಂದ ನಾಲ್ಕು ಅಯಸ್ಕಾಂತದ ಕೊಕ್ಕೆಗಳು ಜೊತೆಗಿದ್ದರೆ ಟೋಪಿ, ಒದ್ದೆ ಟವೆಲ್ ತೂಗುಹಾಕಬಹುದು. ಇಸ್ತ್ರಿಪೆಟ್ಟಿಗೆ, ನೀರು ಕಾಯಿಸುವ ಕೆಟಲ್ ಒಯ್ಯಬೇಡಿ, ಬೆಂಕಿಯ ಭಯದಿಂದ ಅವನ್ನು ಹತ್ತುವಾಗಲೇ ತೆಗೆದಿಡುತ್ತಾರೆ. ಸುರಕ್ಷತಾ ಕವಾಯತಿಗೆ ಕರೆದಾಗ ಇಬ್ಬರೂ ತಪ್ಪದೆ ಹೋಗಿ. ಅಲ್ಲಿಂದ ಮರಳುವಾಗ ಲಿಫ್ಟ್ ಬಳಸದೆ ಮೆಟ್ಟಿಲಲ್ಲೇ ಬನ್ನಿ. ಮೆಟ್ಟಿಲಿನಿಂದ ನಿಮ್ಮ ಕೋಣೆಯವರೆಗೆ ಕೈಯನ್ನು ಗೋಡೆಯ ಕಂಬಿಯ ಮೇಲಿಟ್ಟು ನಡೆಯುತ್ತಾ ಎಷ್ಟು ಬಾಗಿಲು ದಾಟಿದಿರಿ ಎಂದು ಇಬ್ಬರೂ ಎಣಿಸಿ, ದೀಪವಿಲ್ಲದಿದ್ದರೂ ಆ ದಾರಿ ಹಿಡಿಯಲು ಬರುವಷ್ಟು ಅದನ್ನು ನೆನಪಿನಲ್ಲಿಟ್ಟುಕೊಳ್ಳಿ.