ಕಾಬ್ ಕುದುರೆಮರಿಯ ಎತ್ತರವನ್ನು ಅಂದಾಜಿಸುವ ಕ್ರಮ

ವೇಲ್ಸ್‌ನ ಕುದುರೆ ತಳಿಯಾದ ವೆಲ್ಷ್ ಕಾಬ್‌ನ ಮರಿ ಮುಂದೆ ಎಷ್ಟು ಎತ್ತರವಾದೀತೆಂದು ತಿಳಿಯಲು ಮೊದಲು ಸರಿಯಾಗಿ ಅಳೆಯಬೇಕು. ಗಟ್ಟಿಯಾದ ಸಮತಟ್ಟು ನೆಲದಲ್ಲಿ, ನಾಲ್ಕೂ ಕಾಲುಗಳ ಮೇಲೆ ಭಾರ ಸಮನಾಗಿ ಬೀಳುವಂತೆ ಮರಿಯನ್ನು ನಿಲ್ಲಿಸಿ, ಕತ್ತಿನ ಬುಡದ ಹೆಗಲುಬ್ಬಿನ ತುದಿಗೆ ಅಳತೆಗೋಲು ಹಿಡಿಯಬೇಕು. ಅದು ತಲೆ ತಗ್ಗಿಸಿದರೂ ಎತ್ತಿದರೂ ಅಳತೆ ಏರುಪೇರಾಗುತ್ತದೆ. ಕುದುರೆಯ ಎತ್ತರವನ್ನು ‘ಹ್ಯಾಂಡ್’ ಎಂಬ ಮಾನದಲ್ಲಿ ಹೇಳುವುದುಂಟು; ಒಂದು ಹ್ಯಾಂಡ್ ಎಂದರೆ 4 ಅಂಗುಲ. ವೇಲ್ಸ್‌ನ ತಳಿ ದಾಖಲೆಯಲ್ಲಿ ‘ಡಿ’ ವಿಭಾಗದ ಕಾಬ್ 13 ಹ್ಯಾಂಡ್ 2 ಅಂಗುಲಕ್ಕಿಂತ, ಅಂದರೆ ಸುಮಾರು 137 ಸೆಂ.ಮೀ.ಗಿಂತ ಎತ್ತರವಿರಬೇಕು, ಗರಿಷ್ಠ ಮಿತಿಯಿಲ್ಲ.

ಮೊದಲ ವರ್ಷ ತುಂಬುವಷ್ಟರಲ್ಲಿ ಕುದುರೆಮರಿಗಳು ಸಾಮಾನ್ಯವಾಗಿ ಪೂರ್ಣ ಎತ್ತರದ ಸುಮಾರು ಶೇ. 90ರಷ್ಟನ್ನು ಮುಟ್ಟಿರುತ್ತವೆ. ಆಮೇಲಿನ ಬೆಳವಣಿಗೆ ನಿಧಾನ, ಅದೂ ಒಂದೇ ಸಮನಲ್ಲ: ಕೆಲವು ತಿಂಗಳು ಹಿಂಭಾಗ ಹೆಗಲಿಗಿಂತ ಮೇಲೆದ್ದು ಮರಿ ಮುಂದಕ್ಕೆ ಬಾಗಿದಂತೆ ಕಾಣುತ್ತದೆ, ನಂತರ ಹೆಗಲು ಅದನ್ನು ಸರಿಗಟ್ಟುತ್ತದೆ. ಮುಂಗಾಲಿನ ಮೊಣಕೈಯಿಂದ ಗೊರಸಿನ ಮೇಲಿನ ಗೆಣ್ಣಿನವರೆಗೆ ದಾರ ಹಿಡಿದು, ಅದೇ ದಾರವನ್ನು ಮೊಣಕೈಯಿಂದ ಮೇಲಕ್ಕೆ ತಿರುಗಿಸಿ, ಅದರ ತುದಿ ಮುಟ್ಟುವ ಮಟ್ಟವೇ ಭವಿಷ್ಯದ ಎತ್ತರ ಎಂದು ಹೇಳುವ ರೂಢಿಯಿದೆ. ನನ್ನ ಮಟ್ಟಿಗೆ ಅದಕ್ಕಿಂತ ತಾಯಿ-ತಂದೆಯರ ಎತ್ತರವೇ ಹೆಚ್ಚು ನಂಬಲರ್ಹ.

ಧಾನ್ಯ ಹೆಚ್ಚು ತಿನ್ನಿಸಿದರೆ ತಳಿಗುಣ ಮೀರಿ ಎತ್ತರ ಬರುವುದಿಲ್ಲ, ಕೀಲುಗಳ ತೊಂದರೆ ಬರಬಹುದು. ಬೆನ್ನೆಲುಬಿನ ಬೆಳವಣಿಗೆಯ ಫಲಕಗಳು (ಮೂಳೆ ಬೆಳೆಯುವ ಮೃದುವಾದ ಭಾಗಗಳು) ಗಟ್ಟಿಯಾಗಿ ಕೂಡಿಕೊಳ್ಳಲು ಐದಾರು ವರ್ಷ ಬೇಕಾಗುವುದರಿಂದ, ಎತ್ತರ ನಿಂತಿತೆಂದು ಕೂಡಲೇ ಭಾರದ ಸವಾರಿಗೆ ಹೂಡಬಾರದು.