ಮುಂಗಡದ ಪುಸ್ತಕ ಓದಿ ಹೇಳಿದ ದಿನ

ಕೊಡಗಿನ ಮಾದಾಪುರದ ಕಡೆ ನಮ್ಮದು 26 ಏಕರೆ ಕಾಫಿ ತೋಟ. ರೊಬಸ್ಟಾ ಹೆಚ್ಚು, ಮೇಲಿನ ಬದಿಗೆ ಸ್ವಲ್ಪ ಅರೇಬಿಕಾ, ಮರಗಳಿಗೆ ಹಬ್ಬಿದ ಕರಿಮೆಣಸು. ಮಾವನವರ ಕಾಲದಿಂದಲೂ ಲಾಭ-ನಷ್ಟದ ಪುಸ್ತಕ ಚೊಕ್ಕವಾಗಿದೆ. 2016ರ ಪುಟದಲ್ಲಿ ನೆರಳಿಗೆ ಬೆಳೆಸಿದ ಸಿಲ್ವರ್ ಓಕ್ ಮರ ಮಾರಿದ ಹಣ ಆದಾಯಕ್ಕೆ ಜಮೆಯಾಗಿದೆ. ಮರ ಸಾಗಿಸಲು ಇಳಿಜಾರಿನಲ್ಲಿ ಜೀಪ್ ದಾರಿ ಕಡಿಸಿದ ಜೆಸಿಬಿ ಬಾಡಿಗೆ ಖರ್ಚಿಗೆ ಬಿದ್ದಿದೆ. 2018ರ ಆಗಸ್ಟ್ ಮಳೆಯಲ್ಲಿ ಅದೇ ದಾರಿಯ ಅಂಚಿನಿಂದ ಮಣ್ಣು ಬಿರಿದು, ಒಂದೂವರೆ ಏಕರೆ ಗಿಡಗಳ ಸಮೇತ ತೋಡಿಗೆ, ಅಂದರೆ ಕೆಳಗಿನ ಹಳ್ಳಕ್ಕೆ, ಇಳಿಯಿತು. ಪುಸ್ತಕದಲ್ಲಿ ಅದಕ್ಕೆ ಸಿಕ್ಕಿದ್ದು ಒಂದೇ ಸಾಲು: ‘ಪ್ರಕೃತಿ ವಿಕೋಪದಿಂದ ನಷ್ಟ’. ಆ ಎರಡು ಪುಟಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಕೂತ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮರ ಕಡಿದದ್ದೂ ದಾರಿ ಕಡಿಸಿದ್ದೂ ನಾವೇ ಎಂಬುದನ್ನು ಆ ಪುಸ್ತಕ ಎಲ್ಲೂ ಹೇಳುತ್ತಿರಲಿಲ್ಲ.

ಲಾಭದ ಜೊತೆಗೆ ಜನರಿಗೂ ನೆಲಕ್ಕೂ ಏನಾಯಿತೆಂದು ಲೆಕ್ಕ ಇಡಬೇಕೆಂಬ ಮಾತು ಹೊಸದಲ್ಲ. ಬ್ರಿಟನ್ನಿನ ಜಾನ್ ಎಲ್ಕಿಂಗ್ಟನ್ 1994ರಲ್ಲೇ ಇದಕ್ಕೆ ‘ಟ್ರಿಪಲ್ ಬಾಟಮ್ ಲೈನ್’ (ಲಾಭ, ಜನ, ನೆಲ ಮೂರರ ಲೆಕ್ಕ) ಎಂದು ಹೆಸರಿಟ್ಟರು. ನಮ್ಮಲ್ಲಿ ಷೇರುಪೇಟೆಯ ನಿಯಂತ್ರಕ ಸೆಬಿ 2022-23ರಿಂದ ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 1,000 ಕಂಪನಿಗಳಿಗೆ ಇಂಥ ವರದಿಯನ್ನು ಕಡ್ಡಾಯ ಮಾಡಿದೆ. ನಮ್ಮಂಥ ತೋಟದವರನ್ನು ಯಾರೂ ಕೇಳುವುದಿಲ್ಲ. 2019ರಲ್ಲಿ ನಾನೇ ಪೇಟೆಯಿಂದ ಎರಡು ಉದ್ದ ನೋಟ್‌ಬುಕ್ ತಂದೆ: ಒಂದು ನೀರು, ಮಣ್ಣು, ಮರಕ್ಕೆ, ಇನ್ನೊಂದು ಜನಕ್ಕೆ.

ನೀರಿನದು ಸುಲಭವಾಯಿತು. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರವಾದ ಪಲ್ಪರ್‌ಗೆ ನೀರು ತೋಡಿನಿಂದ ಬರುತ್ತದೆ. ಅದಕ್ಕೆ ದುಡ್ಡಿಲ್ಲ, ಹಾಗಾಗಿ ಎಷ್ಟು ಬಳಸುತ್ತೇವೆಂದು ಯಾರೂ ನೋಡಿರಲಿಲ್ಲ. 200 ಲೀಟರಿನ ಡ್ರಮ್ಮನ್ನು ಪೈಪಿನ ಬಾಯಿಗಿಟ್ಟು ಮೊಬೈಲಿನಲ್ಲಿ ಸಮಯ ನೋಡಿದೆ. ಎರಡೂವರೆ ನಿಮಿಷಕ್ಕೆ ತುಂಬಿತು. ಯಂತ್ರ ಓಡಿದ ಗಂಟೆಯನ್ನೂ ಸಿಪ್ಪೆ ಸುಲಿದು ತೊಳೆದು ಒಣಗಿಸಿದ ಬೀಜದ, ಅಂದರೆ ಪಾರ್ಚ್‌ಮೆಂಟಿನ, ತೂಕವನ್ನೂ ಸೇರಿಸಿ ಲೆಕ್ಕ ಹಾಕಿದರೆ ಕಿಲೋಗೆ 23 ಲೀಟರ್. ಅಷ್ಟೂ ನೀರು ಹಣ್ಣಿನ ಲೋಳೆ ಹೊತ್ತು ಕೆಳಗಿನ ಗದ್ದೆಗಳ ಪಕ್ಕ ಹರಿದು ಕೊನೆಗೆ ಹಾರಂಗಿ ಹೊಳೆ ಸೇರುತ್ತಿತ್ತು. ಲೋಳೆಯ ಸಕ್ಕರೆ ಕೊಳೆಯುವಾಗ ನೀರಿನಲ್ಲಿರುವ ಆಮ್ಲಜನಕವನ್ನೆಲ್ಲ ಎಳೆದುಕೊಳ್ಳುತ್ತದೆ; ಮೀನು, ಏಡಿ ಉಳಿಯುವುದಿಲ್ಲ. ಕೆಳಗಿನ ಗದ್ದೆಯವರು ಪ್ರತಿ ಜನವರಿಯಲ್ಲೂ ವಾಸನೆ ಎಂದು ಹೇಳುತ್ತಿದ್ದದ್ದನ್ನು ನಾವು ಜಗಳವೆಂದು ತಿಳಿದಿದ್ದೆವು. ತೊಟ್ಟಿ ಕಟ್ಟಿಸಿ ಅದೇ ನೀರನ್ನು ತಿರುಗಿ ಬಳಸಿ, ಕೊನೆಯದನ್ನು ಸುಣ್ಣ ಹಾಕಿದ ಗುಂಡಿಗೆ ಬಿಡಲು ಶುರುಮಾಡಿದ ಮೇಲೆ ಕಿಲೋಗೆ 9 ಲೀಟರಿಗೆ ಇಳಿದಿದೆ. ಸಿಪ್ಪೆ ಗೊಬ್ಬರದ ಗುಂಡಿಗೆ ಹೋಗುತ್ತದೆ.

ಜನರ ಪುಸ್ತಕದಲ್ಲಿ ಮಾತ್ರ ನಾನು ಪೂರ್ತಿ ತಪ್ಪಿದೆ. ಕೆಲಸದವರು ಇರುವ ಲೈನ್ ಮನೆಗೆ ಹೊಸ ಶೀಟ್, ಎರಡು ಶೌಚಾಲಯ, ಮರಗಸಿಗೆ (ನೆರಳಿನ ಮರದ ಕೊಂಬೆ ಕಡಿಯಲು) ಹತ್ತುವವರಿಗೆ ಬೆಲ್ಟು ಎಂದೆಲ್ಲ ಬರೆದಿಟ್ಟಿದ್ದೆ. ನಾನು ಕೊಟ್ಟದ್ದರ ಪಟ್ಟಿ, ಅಷ್ಟೆ. ಒಂದು ಸಂಜೆ ಕಣದಲ್ಲಿ ಚೆರಿ, ಅಂದರೆ ಒಣಗಲು ಹರಡಿದ ಕಾಫಿ ಹಣ್ಣು, ರಾಶಿ ಮಾಡುವಾಗ ಎಲ್ಲರಿಗೂ ಓದಿ ಹೇಳಿದೆ. ಮೂವತ್ತು ವರ್ಷದಿಂದ ನಮ್ಮಲ್ಲೇ ಇರುವ, ಎರವ ಬುಡಕಟ್ಟಿನ ಹೆಂಗಸೊಬ್ಬರು ಗೋರೆಯನ್ನು ನೆಲಕ್ಕೂರಿ ನಿಂತು, “ಅಮ್ಮಾ, ಶೀಟ್ ಹಾಕಿದ್ದು ಬರ್ಕೊಂಡಿದ್ದೀರಿ. ನನ್ನ ಬಾಕಿ ಎಷ್ಟಿದೆ ಅಂತ ಒಂದ್ಸಲ ಓದಿ ಹೇಳಿ,” ಎಂದರು.

ತೋಟದ ಲೆಕ್ಕ ಬರೆಯುವ ರೈಟರು, ಕೂಲಿಯ ಮೇಲೆ ಮೊದಲೇ ಕೊಟ್ಟ ಸಾಲ ಬರೆದಿಡುವ ಮುಂಗಡದ ಪುಸ್ತಕ ತಂದರು. ಮಗಳ ಮದುವೆ, ಗಂಡನ ಆಸ್ಪತ್ರೆ, ಹುತ್ತರಿ ಹಬ್ಬಕ್ಕೆ ಬಟ್ಟೆ; ಕೂಲಿಯಲ್ಲಿ ಹಿಡಿದದ್ದು ಇಷ್ಟು, ಮತ್ತೆ ಕೊಟ್ಟದ್ದು ಇಷ್ಟು; ಬಾಕಿ 42,500. ಅವರು ಏನೂ ಹೇಳದೆ ಮತ್ತೆ ಚೆರಿ ಎಳೆಯತೊಡಗಿದರು. ಹನ್ನೊಂದು ಕುಟುಂಬಗಳದ್ದು ಕೂಡಿಸಿದರೆ 3,84,000 ರೂಪಾಯಿ. ಈ ಮೊತ್ತ ನಮ್ಮ ಬ್ಯಾಲೆನ್ಸ್ ಶೀಟಿನಲ್ಲಿ ಎಲ್ಲಿತ್ತು ಗೊತ್ತೇ? ಆಸ್ತಿಯ ಬದಿಯಲ್ಲಿ, ‘ಸಾಲ ಮತ್ತು ಮುಂಗಡ’ ಎಂಬ ಶೀರ್ಷಿಕೆಯ ಕೆಳಗೆ. ಲೆಕ್ಕಶಾಸ್ತ್ರದ ಪ್ರಕಾರ ಅದು ಸರಿ, ಬರಬೇಕಾದ ಹಣ. ಆದರೆ ಆ ಹಣ ತೀರುವವರೆಗೆ ಅವರು ಬೇರೆ ತೋಟಕ್ಕೆ ಹೋಗುವಂತಿಲ್ಲ ಎಂದು ಅವರೂ ತಿಳಿದಿದ್ದರು, ನಾವೂ ತಿಳಿದಿದ್ದೆವು. ಜೀತ ಪದ್ಧತಿಯನ್ನು 1976ರಲ್ಲೇ ಕಾಯ್ದೆ ಮಾಡಿ ರದ್ದುಗೊಳಿಸಿದ್ದಾರೆ. ನಮ್ಮ ತೋಟದಲ್ಲಿ ಅಂಥದ್ದೇನೂ ಇಲ್ಲ ಎಂದು ನಾನು ಮನಸಾರೆ ನಂಬಿದ್ದೆ.

ಅಂದಿನಿಂದ ಜನರ ಪುಸ್ತಕದ ಮೊದಲ ಸಾಲು ಬದಲಾಯಿತು. ಈಗ ಅಲ್ಲಿರುವುದು, ನಾಳೆ ಬೆಳಿಗ್ಗೆ ನನ್ನಲ್ಲಿ ಒಂದು ಪೈಸೆ ಬಾಕಿ ಇಲ್ಲದೆ ಹೊರಡಬಲ್ಲವರು ಎಷ್ಟು ಮಂದಿ ಎಂಬ ಲೆಕ್ಕ. 2019ರಲ್ಲಿ ಸೊನ್ನೆ. ಪ್ರತಿ ಕುಟುಂಬಕ್ಕೂ ಒಂದು ಪಾಸ್‌ಬುಕ್ ಮಾಡಿಸಿದೆವು, ತಿಂಗಳಿಗೊಮ್ಮೆ ಓದಿ ಹೇಳುತ್ತೇವೆ, ಆಸ್ಪತ್ರೆ ಖರ್ಚನ್ನು ಮುಂಗಡಕ್ಕೆ ಸೇರಿಸುವುದನ್ನು ನಿಲ್ಲಿಸಿದೆವು. 2024ರಲ್ಲಿ ರೊಬಸ್ಟಾ ಬೆಲೆ ಹಿಂದೆಂದೂ ಕಾಣದಷ್ಟು ಏರಿದಾಗ ಉಳಿದ ಬಾಕಿಯನ್ನೆಲ್ಲ ಹೊಡೆದುಹಾಕಿದೆ. ಮುಂದಿನ ತಿಂಗಳೇ ಎರಡು ಕುಟುಂಬ ಬೇರೆ ಕಡೆ ಹೋದವು. ಕೊಯ್ಲು ತಡವಾಗಿ ಹಣ್ಣು ನೆಲಕ್ಕುದುರಿತು, ಹೆಚ್ಚು ಕೂಲಿ ಕೊಟ್ಟು ಹೊರಗಿನವರನ್ನು ಕರೆಸಬೇಕಾಯಿತು. ಲಾಭದ ಪುಸ್ತಕದಲ್ಲಿ ಅದು ನಷ್ಟ, ಹಾಗೆಯೇ ಬರೆದಿದ್ದೇನೆ. ಜನರ ಪುಸ್ತಕದಲ್ಲಿ, ಬಾಕಿ ಹೊಡೆದುಹಾಕಿದ ತಿಂಗಳು, ಹನ್ನೊಂದು ಕುಟುಂಬಕ್ಕೆ ಹನ್ನೊಂದೂ.

ಮೂರನ್ನೂ ರೂಪಾಯಿಗೆ ತಿರುಗಿಸಿ ಒಂದೇ ಅಂಕೆ ಮಾಡಿ ಎಂದು ಸಲಹೆ ಕೊಟ್ಟವರಿದ್ದಾರೆ. ನಾನೂ ಒಂದು ವರ್ಷ ಪ್ರಯತ್ನಿಸಿದೆ. ತೋಡಿನ ನೀರಿಗೆ ಯಾವ ದರ ಹಾಕಿದರೂ ಮೆಣಸಿನ ಬೆಲೆ ಏರಿದ ವರ್ಷ ಅದು ಮುಳುಗಿಹೋಗುತ್ತದೆ. ಒಳ್ಳೆಯ ಲಾಭ ಕೆಟ್ಟ ನೀರನ್ನು ಮುಚ್ಚಿಬಿಡುತ್ತದೆ. ಆದ್ದರಿಂದ ನೀರು ಲೀಟರಿನಲ್ಲೇ ಇರಲಿ, ಜನ ಮಂದಿಯಲ್ಲೇ ಇರಲಿ, ಮರ ಜಾತಿ ಮತ್ತು ಸುತ್ತಳತೆಯಲ್ಲೇ ಇರಲಿ. ಸಿಲ್ವರ್ ಬೇಗ ಬೆಳೆಯುತ್ತದೆ, ಕಡಿಯುವುದೂ ಸಲೀಸು. ಅತ್ತಿ, ನೇರಳೆ, ಹಲಸು ಹಾಗಲ್ಲ. ಜಾರಿದ ಇಳಿಜಾರಿನಲ್ಲಿ ಈ ಮೂರನ್ನೇ ನೆಟ್ಟು ಪ್ರತಿ ಮೇ ತಿಂಗಳಲ್ಲಿ ಟೇಪು ಹಿಡಿಯುತ್ತೇವೆ. ಕಳೆದ ಸಲ ಅತ್ತಿಯೊಂದು ನನ್ನ ತೋಳಿಗಿಂತ ದಪ್ಪಗಾಗಿತ್ತು.

ಒಂದು ಪುಟ ಮಾತ್ರ ಇನ್ನೂ ಖಾಲಿ ಇದೆ. ಕೊಯ್ಲಿಗೆ ಅಸ್ಸಾಮಿನಿಂದ ಬರುವವರು ನನ್ನ ಪಟ್ಟಿಯಲ್ಲಿಲ್ಲ. ಅವರ ಕೂಲಿ ಗುತ್ತಿಗೆದಾರನ ಕೈಗೆ ಹೋಗುತ್ತದೆ, ಅವರ ಬಾಕಿಯ ಪುಸ್ತಕವೂ ಅವನ ಬಳಿಯೇ ಇದೆ. ಈ ಡಿಸೆಂಬರಿನಲ್ಲಿ ಅವರು ಬಂದಿಳಿದ ದಿನವೇ ಆ ಪುಸ್ತಕವನ್ನು ಕಣಕ್ಕೆ ತರಬೇಕೆಂದು ಅವನಿಗೆ ಹೇಳಿದ್ದೇನೆ. ಹಿಂದಿ ಬಲ್ಲ ನಮ್ಮ ರೈಟರ ಮಗ ಓದಿ ಹೇಳಲು ಒಪ್ಪಿದ್ದಾನೆ.