‘ಹುಷಾರು’ ಅನ್ನುವುದನ್ನು ಬಿಟ್ಟೆ

ನಮ್ಮ ಮಂಗಳೂರಿನಲ್ಲಿ ‘ಹುಷಾರು’ ಅಂದರೆ ಜಾಣ. ಮೈಸೂರಿನ ಕಡೆ ಅದು ಎಚ್ಚರಿಕೆಯ ಮಾತು, ಇಲ್ಲಿ ಹೊಗಳಿಕೆ. ಕದ್ರಿಯ ಮನೆಯ ಜಗಲಿಯಲ್ಲಿ ಸಂಜೆ ಲೆಕ್ಕದ ಟ್ಯೂಷನ್ ಮಾಡುವ ನಾನು ದಿನಕ್ಕೆ ಇಪ್ಪತ್ತು ಸಲವಾದರೂ ಹಾಗೆ ಹೇಳುತ್ತಿದ್ದೆ.

ಜಾಸ್ತಿ ಹೇಳಿಸಿಕೊಂಡವಳು ಆರನೇ ಕ್ಲಾಸಿನ ಒಬ್ಬ ಹುಡುಗಿ. ಗುಣಾಕಾರ, ಭಾಗಾಕಾರ ಎಲ್ಲ ಪಟಪಟ ಮುಗಿಸುತ್ತಿದ್ದಳು. ಭಿನ್ನರಾಶಿ ಬಂದ ವಾರವೇ ‘ಬುಕ್ ಮನೇಲಿ ಬಾಕಿ ಆಯ್ತು ಟೀಚರ್’ ಶುರುವಾಯಿತು. ಒಂದು ದಿನ ಬ್ಯಾಗಿನೊಳಗಿಂದ ಬುಕ್ ಇಣುಕಿತು. ತೆರೆದು ನೋಡಿದರೆ ಉಜ್ಜಿ ಉಜ್ಜಿ ಹಾಳೆ ತೂತು. ತಪ್ಪಾದರೆ ಹುಷಾರು ಅನ್ನುವ ಹೆಸರು ಹೋಗುತ್ತದಲ್ಲ! ಆ ಹೆಸರು ಇಟ್ಟವಳು ನಾನೇ.

1998ರಲ್ಲಿ ಅಮೆರಿಕದ ಕ್ಲಾಡಿಯಾ ಮುಲ್ಲರ್ ಮತ್ತು ಕ್ಯಾರಲ್ ಡ್ವೆಕ್ ಐದನೇ ಕ್ಲಾಸಿನ ಮಕ್ಕಳ ಜತೆ ಮಾಡಿ ಪ್ರಕಟಿಸಿದ ಪ್ರಯೋಗವನ್ನು ಆಮೇಲೆ ಓದಿದೆ. ಬಿಡಿಸಲು ಬರುವಂಥ ಒಗಟು ಕೊಟ್ಟು, ಕೆಲವರಿಗೆ ‘ನೀನು ಜಾಣ’ ಅಂದರು, ಕೆಲವರಿಗೆ ‘ಕಷ್ಟಪಟ್ಟು ಮಾಡಿದ್ದೀಯ’ ಅಂದರು. ಮುಂದಿನದ್ದು ಬಹಳ ಕಠಿಣ, ಎಲ್ಲರೂ ಎಡವಿದರು. ಮೂರನೇ ಸಲ ಮತ್ತೆ ಮೊದಲಿನಂಥದ್ದೇ. ಜಾಣ ಅನ್ನಿಸಿಕೊಂಡವರ ಅಂಕ ಇಳಿಯಿತು, ಕಷ್ಟಪಟ್ಟೆ ಅನ್ನಿಸಿಕೊಂಡವರದ್ದು ಏರಿತು. ಅಂಕ ಹೇಳುವಾಗ ಜಾಸ್ತಿ ಸುಳ್ಳು ಹೇಳಿದ್ದೂ ‘ಜಾಣ’ರೇ. ಮನೆಯಲ್ಲಿ ಬಾಕಿಯಾದ ಬುಕ್ ನೆನಪಾಯಿತು.

ಸರಿ, ಮರುದಿನದಿಂದ ಎಲ್ಲರಿಗೂ ‘ಭಾರೀ ಪ್ರಯತ್ನ ಮಾಡಿದ್ದೀಯ’. ಅದೂ ಬರೀ ಬಾಯಿಮಾತು. ಮೂರು ದಿನ ಒಂದೇ ತಪ್ಪು ದಾರಿಯಲ್ಲಿ ಹೋದ ಹುಡುಗನಿಗೂ ಹಾಗೇ ಅಂದೆ. ‘ಉತ್ತರ ತಪ್ಪು ಅಲ್ವಾ ಟೀಚರ್?’ ಅಂತ ನಕ್ಕ. ಮಕ್ಕಳಿಗೆ ಸಮಾಧಾನದ ಮಾತು ಬೇಗ ಗೊತ್ತಾಗುತ್ತದೆ.

ಈಗ ಕಣ್ಣಾರೆ ಕಂಡದ್ದನ್ನು ಮಾತ್ರ ಹೇಳುತ್ತೇನೆ. ಅದಕ್ಕೆ ಪಕ್ಕದಲ್ಲಿ ಕೂತು ನೋಡಬೇಕು, ಸುಮ್ನೆ ಟಿಕ್ ಹಾಕಿದರೆ ಆಗುವುದಿಲ್ಲ. ಒಂದು ಸಂಜೆ ಅದೇ ಹುಡುಗಿ 3/4 ಮತ್ತು 5/6 ಕೂಡಿ 8/10 ಬರೆದಳು. ಮೇಲಿನದ್ದು ಮೇಲೆ, ಕೆಳಗಿನದ್ದು ಕೆಳಗೆ. ನಾನು ಬಾಯಿ ಬಿಡಲಿಲ್ಲ. ಪೆನ್ಸಿಲ್ ಕಚ್ಚುತ್ತಾ ಕೂತಳು. ‘ಎರಡೂ ಅರ್ಧಕ್ಕಿಂತ ಜಾಸ್ತಿ ಉಂಟು. ಮತ್ತೆ ಉತ್ತರ ಒಂದಕ್ಕಿಂತ ಕಮ್ಮಿ ಹೇಗೆ?’ ಕೇಳಿದ್ದು ಅವಳೇ. ಹೊಡೆದು ಹಾಕಿದಳು. 24 ಛೇದ ಮಾಡಿ ನೋಡಿದಳು, ಆಮೇಲೆ 12 ಸಾಕು ಅಂತ 19/12ಕ್ಕೆ ಬಂದಳು. ‘ಉತ್ತರ ಬರೆದ ಮೇಲೂ ಸರಿಯಾ ಅಂತ ನೋಡಿದಿಯಲ್ಲ, ಅದು ಒಳ್ಳೆ ಕೆಲಸ’ ಅಂದೆ. ಅಷ್ಟೇ.

ರಬ್ಬರ್ ಈಗ ನಮ್ಮ ಜಗಲಿಗೆ ಬರುವಂತಿಲ್ಲ. ತಪ್ಪಿನ ಮೇಲೆ ಒಂದೇ ಗೀಟು, ಕೆಳಗೆ ಹೊಸದು. ರಫ್ ಬುಕ್ ನೋಡಿದ ಒಬ್ಬರು ಅಮ್ಮನಿಗೆ ಇದು ಸರಿ ಕಂಡಿಲ್ಲ. ‘ಎಂಥದ್ದು ಟೀಚರ್, ಇಷ್ಟು ಗಲೀಜು?’ ಅಂತ ಕೇಳುತ್ತಲೇ ಇದ್ದಾರೆ.